ಪುನುಗುಬೆಕ್ಕಿನ ಕುಣಿತವೂ ಫೋನಿನೊಳಗಿನ ಏಜೆಂಟೂ

ಒಂದು ಕಾಡಿನಲ್ಲಿ ಸುಗಂಧಪ್ಪ ಎಂಬ ಪುನುಗುಬೆಕ್ಕು ಇದ್ದ. ಕುಣಿತವೆಂದರೆ ಅವನಿಗೆ ಪ್ರಾಣ. ತನ್ನಷ್ಟು ಜಾಣ ಆ ಕಾಡಿನಲ್ಲೇ ಇಲ್ಲ ಎಂಬ ಜಂಬವೂ ತುಸು ಇತ್ತು. ಇರಲಿ ಬಿಡಿ, ಮನಸ್ಸು ಮಾತ್ರ ಬೆಣ್ಣೆಯಂಥದು.

ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದವಳು ಸೋದರತ್ತೆ ನೀಲಮ್ಮ. ಅವಳು ಹೊಳೆಯಾಚೆ ಇದ್ದಳು. ವಯಸ್ಸಾಗಿ ಅವಳಿಗೆ ಕಿವಿ ಒಂದಿಷ್ಟೂ ಕೇಳುತ್ತಿರಲಿಲ್ಲ. "ನೀನು ಕುಣಿಯೋದನ್ನ ಒಂದು ಸಲ ಕಣ್ತುಂಬ ನೋಡ್ಬೇಕು ಮಗಾ" ಎಂದು ಹೇಳಿ ಕಳಿಸಿದ್ದಳು. ಹೋಗೋಣವೆಂದರೆ ಹೊಳೆ ತುಂಬಿ ಹರಿಯುತ್ತಿತ್ತು. ಉಳಿದದ್ದು ಫೋನ್ ಒಂದೇ.

ಗೀಜಗದ ಗಿರಿಜಕ್ಕ ತನ್ನ ಗೂಡಿನಷ್ಟೇ ಅಚ್ಚುಕಟ್ಟಾಗಿ ಕಾಡಿಗೆಲ್ಲ ನೆಟ್‌ವರ್ಕ್ ಹೆಣೆದಿದ್ದಳು. ಆದರೆ ಹೊಳೆ ದಾಟುವ ತಂತಿ ಒಂದೇ ಇತ್ತು. ಮಾತು, ಹಾಡು, ಸಿನಿಮಾ ಎಲ್ಲವೂ ಒಟ್ಟಿಗೆ ನುಗ್ಗಿದರೆ ಯಾವುದೂ ನೆಟ್ಟಗೆ ಆಚೆ ಸೇರುತ್ತಿರಲಿಲ್ಲ. ಅದಕ್ಕೇ ಅವಳು ಪ್ರತಿ ಫೋನಿನೊಳಗೂ ಒಂದೊಂದು ಸಾಫ್ಟ್‌ವೇರ್ ಏಜೆಂಟನ್ನು ಕೂರಿಸಿದ್ದಳು. ಅದಕ್ಕೆ ಕೈಯಿಲ್ಲ, ಕಾಲಿಲ್ಲ, ಹೊಟ್ಟೆಯಂತೂ ಇಲ್ಲವೇ ಇಲ್ಲ. ಒಡೆಯನಿಗೆ ಏನು ಬೇಕೆಂದು ಕೇಳಿಕೊಳ್ಳುವುದು, ಉಳಿದ ಏಜೆಂಟುಗಳ ಜೊತೆ ಮಾತಾಡಿ ತಂತಿಯಲ್ಲಿ ಅವನಿಗೆಷ್ಟು ಜಾಗವೆಂದು ಗೊತ್ತುಮಾಡುವುದು, ಇದೇ ಅದರ ಕೆಲಸ. ಆ ಜಾಗವನ್ನು ಗಿರಿಜಕ್ಕ ಬ್ಯಾಂಡ್‌ವಿಡ್ತ್ ಎನ್ನುತ್ತಿದ್ದಳು. ಉಳಿದವರೆಲ್ಲ ದಾರಿ ಎನ್ನುತ್ತಿದ್ದರು.

ಭಾನುವಾರ ಸಂಜೆ ಸುಗಂಧಪ್ಪ ಕಾಲಿಗೆ ಗೆಜ್ಜೆ ಕಟ್ಟಿಕೊಂಡ. ಫೋನನ್ನು ಕಲ್ಲಿಗೆ ಒರಗಿಸಿ ನಿಲ್ಲಿಸಿದ.

"ಏಜೆಂಟೇ, ಅತ್ತೆ ಮನೆಗೆ ದಾರಿ ಬೇಕು. ಈಗಲೇ ಬೇಕು."

"ಈ ಹೊತ್ತಲ್ಲಿ ಗದ್ದಲ ಜಾಸ್ತಿ ಸುಗಂಧಪ್ಪನವರೇ" ಎಂದಿತು ಏಜೆಂಟ್. "ಮಂಗಗಳು ಸಿನಿಮಾ ನೋಡ್ತಿವೆ. ಕೋಗಿಲೆಯಮ್ಮನ ಹಾಡಿನ ಪಾಠ ನಡೀತಿದೆ. ಸ್ವಲ್ಪ ತಾಳಿ, ಅವರ ಏಜೆಂಟುಗಳನ್ನ ಕೇಳಿ ನೋಡ್ತೀನಿ."

"ಕೇಳಿದ್ರೆ ಕೊಡ್ತಾರಾ? ಅದೂ ಮಂಗಗಳು! ಯಾರೂ ಕಾಯಿಸೋ ಹಾಗಿಲ್ಲ ಅನ್ನೋದು ಏನಾದ್ರೂ ಇದ್ರೆ ಹೇಳು."

"ಮೈ ಹುಷಾರಿಲ್ಲದವರು ಮಾತಾಡ್ಬೇಕು ಅಂದ್ರೆ ಕಾಯಿಸೋ ಹಾಗಿಲ್ಲ. ಆ ಮಾತು ಎಲ್ಲಕ್ಕಿಂತ ಮುಂದೆ."

ಸುಗಂಧಪ್ಪನ ಮೀಸೆ ಕುಣಿಯಿತು. "ಹಾಗಾದ್ರೆ ನನಗೆ ಮೈ ಹುಷಾರಿಲ್ಲ. ಅತ್ತೆ ಹತ್ತಿರ ತುರ್ತಾಗಿ ಮಾತಾಡ್ಬೇಕು ಅಂತ ಹೇಳು."

"ಅಯ್ಯೋ, ಹೌದಾ?"

"ಹೌದು ಅಂದೆನಲ್ಲ!"

ಒಡೆಯನ ಮಾತು ನಂಬುವುದು ಬಿಟ್ಟರೆ ಪಾಪ ಆ ಏಜೆಂಟಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ದಾರಿ ಕೊಡಿಸಿತು.

ಸುಗಂಧಪ್ಪ ಕುಣಿದ. ಬಾಲ ಬೀಸಿ, ಸೊಂಟ ಬಳುಕಿಸಿ, ಮೈಮರೆತು ಕುಣಿದ. ಇಷ್ಟು ಚೆನ್ನಾಗಿ ಅವನು ಎಂದೂ ಕುಣಿದಿರಲಿಲ್ಲ. ಕುಣಿತ ಮುಗಿಯುವ ಹೊತ್ತಿಗೆ ಫೋನಿನಿಂದ ದನಿಯೊಂದು ಕೇಳಿತು. ಅತ್ತೆಯ ಪಕ್ಕದ ಮನೆಯ ಮೊಲದ ದನಿ ಅದು.

"ಅಲ್ಲೋ ಸುಗಂಧಪ್ಪ, ಗೆಜ್ಜೆ ಸದ್ದು ನನಗೇನೋ ಕೇಳ್ತಿದೆ. ಚಿತ್ರವೇ ಬರ್ತಿಲ್ಲ. ನಿಮ್ಮತ್ತೆ ಆಗಿಂದ ಕಪ್ಪು ಪರದೆ ನೋಡ್ತಾ ಕೂತಿದ್ದಾರೆ. ಕಿವಿಯ ಹಾಗೆ ಕಣ್ಣೂ ಹೋಯ್ತೇನೋ ಅಂತ ಕಣ್ಣುಜ್ಜಿಕೊಳ್ತಿದ್ದಾರೆ ಕಣೋ."

ಸುಗಂಧಪ್ಪ ಫೋನಿನ ಹತ್ತಿರ ಓಡಿದ. "ಏನು ಮಾಡಿದೆಯೋ ಏಜೆಂಟೇ?"

"ನೀವು ಹೇಳಿದ್ದನ್ನೇ ಮಾಡಿದೆ" ಎಂದಿತು ಅದು. "ಚಿತ್ರಕ್ಕೆ ಅಗಲವಾದ ದಾರಿ ಬೇಕು. ಮಾತಿಗೆ ಸಣ್ಣ ದಾರಿ ಸಾಕು, ಆದರೆ ನಡುವೆ ಕಡಿಯಬಾರದು. ನೀವು ಮಾತು ಅಂದ್ರಿ. ಒಂದು ಸಲವಾದ್ರೂ ಕಡೀತಾ ನೋಡಿ!"

ಅಷ್ಟರಲ್ಲಿ ಅಂಗಳದಲ್ಲಿ ದಡಬಡ ಸದ್ದಾಯಿತು. ಕರಡಿ ವೈದ್ಯ ಬೋರಣ್ಣ ಕಷಾಯದ ಪಾತ್ರೆ ಹಿಡಿದು ಏದುಸಿರು ಬಿಡುತ್ತ ಬಂದ. ಅವನ ಹಿಂದೆ ಕೋಗಿಲೆ, ಕೋಗಿಲೆಯ ಹಿಂದೆ ಮಂಗಗಳ ಹಿಂಡು. ಕಾಯಿಲೆಯ ಕರೆ ಬಂದರೆ ನೆರೆಹೊರೆಗೆಲ್ಲ ಸುದ್ದಿ ಮುಟ್ಟಿಸಬೇಕೆಂದು ಗಿರಿಜಕ್ಕ ಏಜೆಂಟುಗಳಿಗೆ ಕಲಿಸಿಟ್ಟಿದ್ದಳು.

"ಏನಾಯ್ತೋ ನಿನಗೆ?" ಎಂದು ಹಿರಿಯ ಮಂಗ ಕೆಂಚಣ್ಣ ಅವನ ಹಣೆ ಮುಟ್ಟಿ ನೋಡಿದ. "ಸಿನಿಮಾದಲ್ಲಿ ಒಳ್ಳೇ ಫೈಟಿಂಗ್ ಬರ್ತಿತ್ತು. ಅರ್ಧಕ್ಕೇ ಬಿಟ್ಟು ಓಡಿ ಬಂದ್ವಿ."

ಆಮೇಲೆ ಎಲ್ಲರ ಕಣ್ಣೂ ಗೆಜ್ಜೆಯ ಮೇಲೆ ಬಿತ್ತು. ಸುಗಂಧಪ್ಪನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಯಾರು ದಾರಿ ಬಿಡುವುದಿಲ್ಲವೆಂದು ಅವನು ಅಂದುಕೊಂಡಿದ್ದನೋ ಅವರೇ ಕೆಲಸ ಬಿಟ್ಟು ಬಂದು ನಿಂತಿದ್ದರು. ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ.

ಬೋರಣ್ಣ ಗಂಭೀರವಾಗಿ ಪಾತ್ರೆ ಮುಂದೆ ಹಿಡಿದ. "ಕಾಸಿದ್ದು ದಂಡ ಆಗಬಾರದು. ಕುಡಿ."

ಕಾಡಿಗೇ ಕಹಿಯಾದ ಕಷಾಯ ಅದು. ಸುಗಂಧಪ್ಪ ಮೂಗು ಹಿಡಿದು ಕೊನೆಯ ಹನಿಯವರೆಗೂ ಕುಡಿದ. ಮಂಗಗಳು ಬಿದ್ದು ಬಿದ್ದು ನಕ್ಕವು.

"ಈಗ ಏನಂತ ಕೇಳ್ಲಿ?" ಎಂದಿತು ಏಜೆಂಟ್.

"ಕುಣಿತ ಅಂತಲೇ ಕೇಳು. ನಮ್ಮತ್ತೆ ನೋಡ್ಬೇಕು ಅಂತಾನೂ ಹೇಳು."

ಏಜೆಂಟುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡವು. ಮನೆಯಲ್ಲೇ ಉಳಿದ ಮರಿಗಳು ನೋಡುತ್ತಿದ್ದ ಸಿನಿಮಾ ತುಸು ಮಸುಕಾಗಿ ಬಂದರೂ ನಡೆದೀತು ಎಂದಿತು ಮಂಗಗಳ ಏಜೆಂಟ್. ಕೋಗಿಲೆಯ ಶಿಷ್ಯರು ಮುಂದುವರಿಸಿದ್ದ ಹಾಡಿನ ಪಾಠಕ್ಕೆ ದನಿ ಮಾತ್ರ ಸಾಕಿತ್ತು. ಅಳಿಲುಗಳು ಕಳಿಸುತ್ತಿದ್ದ ಫೋಟೊಗಳು ನಾಳೆ ಹೋದರೂ ಆಗುತ್ತಿತ್ತು. ಅಲ್ಲಿಷ್ಟು ಇಲ್ಲಿಷ್ಟು ಸೇರಿ ಅಗಲವಾದ ದಾರಿ ತೆರೆಯಿತು.

ಸುಗಂಧಪ್ಪ ಮತ್ತೆ ಕುಣಿದ. ನೆರೆಹೊರೆಯವರು ಸುತ್ತ ನಿಂತು ತಾಳ ಹಾಕಿದರು. ಹೊಳೆಯಾಚೆ ನೀಲಮ್ಮ ರೆಪ್ಪೆ ಬಡಿಯದೆ ನೋಡಿದಳು. ಕೊನೆಗೆ ಪರದೆಯ ತುಂಬ ಅವಳ ಮುಖವೇ ಬಂತು.

"ಎಷ್ಟು ಚೆಂದ ಕುಣಿದೆ ಮಗಾ. ಆದ್ರೆ ಯಾಕೋ ಸೊರಗಿದ್ದೀಯಾ? ಹೊಟ್ಟೆಗೆ ಸರಿಯಾಗಿ ತಿಂತೀಯೋ ಇಲ್ವೋ?"

ಸುಗಂಧಪ್ಪ ಕಣ್ಣೊರೆಸಿಕೊಂಡು, ಉಸಿರೆಳೆದು ಹೊಟ್ಟೆ ಉಬ್ಬಿಸಿ ತೋರಿಸಿದ.

ಅತ್ತೆ ನಂಬಲಿಲ್ಲ.

ನೀತಿ: ನಮಗೆ ಬೇಕಾದದ್ದನ್ನು ನಿಜ ಹೇಳಿ ಕೇಳಬೇಕು, ಸುಳ್ಳು ಹೇಳಿ ಪಡೆದದ್ದು ನಮ್ಮ ಕೆಲಸಕ್ಕೇ ಬರುವುದಿಲ್ಲ.