ಕಲಾಯಿ ದಸ್ತಗೀರ ಕೂಡಿಸಿದ ಹಾಡಿನ ತಟ್ಟೆಗಳು

ಬಹಳ ಹಿಂದಿನ ಮಾತು. ಈ ಎರೆಸೀಮೆಗೆ ಇನ್ನೂ ಕರೆಂಟಿನ ಕಂಬ ಬಂದಿರಲಿಲ್ಲ. ಆಗ ನಮ್ಮೂರಲ್ಲಿ ದಸ್ತಗೀರ ಅಂತ ಒಬ್ಬನಿದ್ದನಂತೆ. ಕಲಾಯಿ ಕೆಲಸ ಅವನದು. ಊರೂರು ತಿರುಗಿ ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಹಚ್ಚಿ ಬೆಳ್ಳಿಯಂತೆ ಹೊಳೆಸುತ್ತಿದ್ದ. ಅವನಿಗಿದ್ದದ್ದು ಒಂದೇ ಹುಚ್ಚು, ಗ್ರಾಮಫೋನಿನ ತಟ್ಟೆ ಕೂಡಿಸೋದು.

ಯಾರದಾದರೂ ಮನೆಯಲ್ಲಿ ಹಳೇ ತಟ್ಟೆ ಇದೆ ಅಂದರೆ ಸಾಕು, ಕೂಲಿ ಬೇಡ, ಅದನ್ನೇ ಕೊಡಿ ಅನ್ನುತ್ತಿದ್ದನಂತೆ. ಉಪ್ಪಿನಕಾಯಿ ಭರಣಿಗೆ ಮುಚ್ಚಳವಾಗಿದ್ದ ತಟ್ಟೆಯನ್ನು ತಂದು, ಎಣ್ಣೆ ಒರೆಸಿ, ಹಾಡಿಸಿದ ಅಂತಾರೆ. ಮುನ್ನೂರು ತಟ್ಟೆ ಇದ್ದವು ಅಂತಾರೆ. ಸಾವಿರ ಅನ್ನುವವರೂ ಇದ್ದಾರೆ. ಒಂದೊಂದಕ್ಕೂ ಅವನ ಹೆಂಡತಿ ಪೀರಂಬಿ ಹಳೇ ಸೀರೆಯ ಚೀಲ ಹೊಲಿದಿದ್ದಳು. ಸಂಜೆ ಅವನು ಹಾಡಿನ ಪೆಟ್ಟಿಗೆಯ ಕೀಲಿ ತಿರುಗಿಸಿ ತಟ್ಟೆ ಹಚ್ಚಿದರೆ, ಹೊಲದಿಂದ ಬಂದವರು ಹೆಗಲ ಮೇಲಿನ ನೇಗಿಲು ಇಳಿಸೋದನ್ನೇ ಮರೆತು ನಿಂತು ಕೇಳುತ್ತಿದ್ದರಂತೆ.

ಒಂದು ದಿನ ಶಾವಂತ್ರವ್ವ ಅನ್ನುವ, ಹಳೇ ಬಟ್ಟೆ ಸೇರಿಸಿ ಕೌದಿ ಹೊಲಿಯುವ ಹೆಣ್ಣುಮಗಳು ಮೂರು ದಿನದ ದಾರಿ ನಡೆದು ಅವನ ಮನೆಗೆ ಬಂದಳು. ಆಗಲೇ ಅವಳ ತಲೆ ನರೆತಿತ್ತು. ಅವಳ ತಾಯಿ ಅಂಬೂಬಾಯಿ ನಾಟಕದ ಕಂಪನಿಯಲ್ಲಿ ಹಾಡುತ್ತಿದ್ದವಳು. ಪಟ್ಟಣಕ್ಕೆ ಹೋಗಿ ಒಂದೇ ಒಂದು ತಟ್ಟೆಗೆ ಹಾಡಿದ್ದಳು. ಈ ಮಗಳು ಅಂಬೆಗಾಲಿಡುವಾಗಲೇ ತಾಯಿ ತೀರಿಕೊಂಡಳು.

"ಅವ್ವನ ಮುಖ ನೆನಪಿಲ್ಲ, ಯಣ್ಣಾ. ದನಿ ಹೆಂಗಿತ್ತು ಅನ್ನೂದಾದ್ರೂ ಗೊತ್ತಾಗಲಿ" ಅಂದಳಂತೆ.

ದಸ್ತಗೀರ ಎಲ್ಲ ಚೀಲ ಬಿಚ್ಚಿ ನೋಡಿದ. ಇರಲಿಲ್ಲ. ಹುಡುಕಿ ಹೇಳಿ ಕಳಿಸ್ತೀನಿ ಅಂದ. ಎರಡು ಬೇಸಿಗೆ ಹುಡುಕಿದ. ಕೊನೆಗೆ ಅದು ಹೊಳೆಯಾಚೆಯ ಇನಾಮದಾರರ ವಾಡೆಯಲ್ಲಿ ಸಿಕ್ಕಿತು. ಇನಾಮದಾರರಿಗೂ ಇದೇ ಹುಚ್ಚು. ಇವನ ತಟ್ಟೆಗಳ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಬದುಕಿರೋ ತನಕ ವಾಡೆಯ ಪಾತ್ರೆಗಳಿಗೆ ಬಿಟ್ಟಿ ಕಲಾಯಿ ಹಾಕಿಕೊಡ್ತೀನಿ ಅಂತ ಇವನು ಬೇಡಿಕೊಂಡರೂ ಅವರು ಒಪ್ಪಲಿಲ್ಲ.

"ನಿನ್ನ ಮನ್ಯಾಗ ಇರೂವೆಲ್ಲಾ ತಂದು ಇಲ್ಲಿಡು. ಈ ಒಂದನ್ನ ಒಯ್ಯಿ" ಅಂದರಂತೆ.

ಅವನು ಮನೆಗೆ ಬಂದು ರೊಟ್ಟಿ ಮುಟ್ಟಲಿಲ್ಲ. ಆ ಶಾವಂತ್ರವ್ವ ಏನು ನನ್ನ ಬಳಗವೇ, ಸುಳ್ಳು ಹೇಳಿಬಿಡಲೇ, ಸಿಗಲಿಲ್ಲ ಅನ್ನಲೇ ಅಂತ ಹೆಂಡತಿಯ ಮುಂದೆ ಹಲುಬಿದ. ಪೀರಂಬಿ ಇಷ್ಟೇ ಅಂದಳು: "ನೀವು ಆ ಹಾಡೆಲ್ಲಾ ಕೇಳೀರಿ. ಆಕಿ ಒಂದೂ ಕೇಳಿಲ್ಲ."

ಮರುದಿನ ಗಾಡಿಗೆ ಹುಲ್ಲು ಹಾಸಿ ತಟ್ಟೆಗಳನ್ನು ಹೇರಿದ. ವಾಡೆಯಲ್ಲಿ ಒಂದೊಂದನ್ನೇ ತನ್ನ ಕೈಯಿಂದ ಇಳಿಸಿದ. ಹೋಗುವಾಗ ತುಂಬಿದ್ದ ಗಾಡಿ ಬರುವಾಗ ಖಾಲಿ. ಆ ಒಂದು ತಟ್ಟೆ ಮಾತ್ರ ಅವನ ತೊಡೆಯ ಮೇಲಿತ್ತು.

ಶಾವಂತ್ರವ್ವನಿಗೆ ಹೇಳಿ ಕಳಿಸಿದರು. ಅವಳು ಬಂದು ನೆಲದ ಮೇಲೆ ಕುಳಿತಳು. ಊರಿಗೆ ಊರೇ ಸೇರಿತ್ತು. ದಸ್ತಗೀರ ತಟ್ಟೆ ಹಚ್ಚಿದ. ಹಾಡು ಮುಗಿಯಿತು. ಆಗಿನ ಕಾಲದಲ್ಲಿ ಹಾಡಿದವರು ಕೊನೆಗೆ ತಮ್ಮ ಹೆಸರು ಹೇಳುತ್ತಿದ್ದರಂತೆ. ಅಂಬೂಬಾಯಿಯೂ ಹೇಳಿದಳು, ಸ್ವಲ್ಪ ನಾಚಿಕೊಂಡು, ಮೆಲ್ಲಗೆ: "ನಾ ಅಂಬೂಬಾಯಿ."

ಹಾಡಿಗೆ ಅಳದಿದ್ದ ಮಗಳು ಆ ಎರಡು ಮಾತಿಗೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಪೆಟ್ಟಿಗೆಯ ಕಡೆ ತಿರುಗಿ, "ನಾ ಶಾವಂತ್ರಿ, ಯವ್ವಾ. ನಿನ್ನ ಮಗಳು" ಅಂದಳು.

ಅವಳ ಮನೆಯಲ್ಲಿ ಹಾಡಿನ ಪೆಟ್ಟಿಗೆ ಇರಲಿಲ್ಲ. ಹಾಗಾಗಿ ತಟ್ಟೆ ದಸ್ತಗೀರನಲ್ಲೇ ಉಳಿಯಿತು. ಸುಗ್ಗಿ ಮುಗಿದ ಮೇಲೆ ಅವಳು ಪ್ರತಿವರ್ಷ ಬರುತ್ತಿದ್ದಳು. ಮುಳ್ಳು ತಾಗಿ ತಾಗಿ ದನಿ ಸವೆಯಬಾರದು ಅಂತ ಒಂದೇ ಸಲ ಕೇಳಿ ಹೋಗುತ್ತಿದ್ದಳು. ಇನಾಮದಾರರು ಆಮೇಲೆ ಮನಸ್ಸು ಕರಗಿ ತಟ್ಟೆಗಳನ್ನೆಲ್ಲ ವಾಪಸು ಕಳಿಸಿದರು ಅಂತ ಕೆಲವರು ಹೇಳ್ತಾರೆ. ನನಗೆ ಈ ಕತೆ ಹೇಳಿದ ನಮ್ಮಜ್ಜಿ ಹಾಗೆ ಹೇಳಲಿಲ್ಲ. ಅವನು ಆ ಒಂದರಿಂದಲೇ ಮತ್ತೆ ಕೂಡಿಸೋಕೆ ಶುರುಮಾಡಿದ, ಸಾಯುವ ಹೊತ್ತಿಗೆ ನಲವತ್ತು ಆಗಿದ್ದವು ಅಂತಿದ್ದಳು.

ಈಗ ಆ ಪೆಟ್ಟಿಗೆಯೂ ಇಲ್ಲ, ತಟ್ಟೆಯೂ ಇಲ್ಲ. ಆದರೆ ನಮ್ಮೂರಲ್ಲಿ ಭಜನೆಯಿರಲಿ, ಸೋಬಾನೆಯಿರಲಿ, ಹಾಡಿದವರು ಹಾಡು ಮುಗಿಸಿ ಹಾಗೇ ಏಳೋದಿಲ್ಲ. ತಮ್ಮ ಹೆಸರು ಹೇಳ್ತಾರೆ, ಹೆತ್ತವ್ವನ ಹೆಸರು ಹೇಳ್ತಾರೆ, ಆಮೇಲೆ ಏಳ್ತಾರೆ.