ಬಿಳಿಕೂದಲಿಗೆ ಕೇಳಿಸದ ಸದ್ದು

"ಅಜ್ಜಿ, ಹಿರಿಯರಿಗೆ ಕೇಳಿಸದ ತಪ್ಪು ಕಿರಿಯರ ಕಿವಿಗೆ ಬಿದ್ದರೆ, ಹೇಳಬೇಕೋ ನುಂಗಿಕೊಳ್ಳಬೇಕೋ?"

ಹೀಗೆ ಕೇಳಿದೆಯಲ್ಲ ಪುಟ್ಟಗೌರಿ. ಸೋಬಾನೆ ಪದ ಕಲಿಯಲು ಬಂದವಳು, ನಾನು ಹಾಡುತ್ತಿರುವಾಗಲೇ ದನಿಗೂಡಿಸುವುದನ್ನು ಬಿಟ್ಟು ಕೇಳಿದೆ. ಇರಲಿ. ಹಾಡು ಎಲ್ಲಿಗೂ ಓಡಿಹೋಗುವುದಿಲ್ಲ. ಗೋಡೆಗೆ ಒರಗಿ ಕೂತುಕೋ. ಕಾಲು ನೀಡಿಕೋ. ಆ ಫೋನನ್ನು ಮಗುಚಿ ಇಡು. ನನಗೆ ಅಕ್ಷರ ಬಾರದು, ಶಾಸ್ತ್ರ ಬಾರದು. ಬರುವುದು ಕತೆಯೊಂದೇ. ನಡುವೆ "ಆಮೇಲೆ?" ಅನ್ನಬೇಡ. ಆಮೇಲಿನದು ತಾನಾಗಿ ಬರುತ್ತದೆ.

ಒಂದು ಊರು. ಆ ಊರಿನ ಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಹೆಂಗಸು. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಹಾರ್ಮೋನಿಯಂ ಒಳಗೆ ಹಿತ್ತಾಳೆಯ ರೀಡುಗಳಿರುತ್ತವೆ, ಬೆರಳುಗುರಿನಷ್ಟು ತೆಳು. ಅದರ ತುದಿಯನ್ನು ಅರದಿಂದ ಸವರಿದರೆ ಸ್ವರ ಏರುತ್ತದೆ, ಬುಡವನ್ನು ಸವರಿದರೆ ಇಳಿಯುತ್ತದೆ. ಎಷ್ಟು ಸವರಬೇಕು ಎಂದು ಹೇಳುವ ಅಳತೆಗೋಲು ಅವಳ ಬಳಿ ಇರಲಿಲ್ಲ. ಕಿವಿ ಇತ್ತು. ಆ ಕಿವಿಯಿಂದಲೇ ಅವಳ ಒಲೆ ಉರಿಯುತ್ತಿತ್ತು.

ದೂರದ ಊರಿನವರು, "ಪೆಟ್ಟಿಗೆ ಕಳಿಸುವ ಮೊದಲು ಸ್ವರ ಕೇಳಿಸಮ್ಮ" ಎನ್ನತೊಡಗಿದರು. ಸ್ವರ ಹಿಡಿದು ಕಳಿಸಲಿಕ್ಕೆ ಅವಳು ಒಂದು ಹೊಸ ಲ್ಯಾಪ್‌ಟಾಪ್ ಕೊಂಡಳು. ಮನೆಗೆ ತಂದು ಅರಿಶಿನ ಕುಂಕುಮ ಇಟ್ಟಳು. ಚಾರ್ಜರ್ ಸಿಕ್ಕಿಸಿದಳು. ಅಷ್ಟೇ. ಕಿವಿಯೊಳಗೆ ಸೂಜಿ ಇಳಿದ ಹಾಗೆ ಒಂದು ಸದ್ದು. ಹಾರ್ಮೋನಿಯಂನ ಕಡೆಯ ಮನೆಯ ಸ್ವರಕ್ಕಿಂತ ಮೂರು ಸಪ್ತಕ ಮೇಲೆ. ನಿಲ್ಲುವುದಿಲ್ಲ, ಉಸಿರೂ ತೆಗೆದುಕೊಳ್ಳುವುದಿಲ್ಲ.

ಬೇರೆಯವರಾಗಿದ್ದರೆ ಆ ಕ್ಷಣವೇ ಅಂಗಡಿಗೆ ಓಡುತ್ತಿದ್ದರು. ಅವಳು ಓಡಲಿಲ್ಲ. ಹಾರ್ಮೋನಿಯಂನಲ್ಲಿ ಕೆಟ್ಟ ಸದ್ದು ಬಂದರೆ ಅವಳ ಕೆಲಸದ ಕ್ರಮ ಒಂದೇ: ಅನುಮಾನ ಬಂದದ್ದನ್ನೆಲ್ಲ ಒಂದೊಂದಾಗಿ ಮುಚ್ಚುತ್ತ ಹೋಗುವುದು, ಕೊನೆಗೆ ಉಳಿದದ್ದೇ ಕಳ್ಳ. ಹಾಗೆಯೇ ಮಾಡಿದಳು. ಫ್ಯಾನ್ ನಿಲ್ಲಿಸಿದಳು, ಸದ್ದು ಇತ್ತು. ಫ್ರಿಜ್ಜಿನ ವೈರು ಕಿತ್ತಳು, ಗೋಡೆ ಗಡಿಯಾರ ಇಳಿಸಿದಳು, ಸದ್ದು ಇತ್ತು. ಮೇಜು ನಡುಗುತ್ತಿರಬಹುದೆಂದು ಲ್ಯಾಪ್‌ಟಾಪನ್ನು ದಿಂಬಿನ ಮೇಲೆ ಮಲಗಿಸಿದಳು. ಅದು ದಿಂಬಿನ ಮೇಲೂ ಸುಖವಾಗಿ ಕೂಗಿತು. ಲ್ಯಾಪ್‌ಟಾಪ್‌ನ ದನಿಯನ್ನೇ ಪೂರ್ತಿ ಅಡಗಿಸಿ ನೋಡಿದಳು, ಅದು ಅಡಗಲಿಲ್ಲ. ತನ್ನ ಮನೆಯ ಕರೆಂಟಿನದೇ ದೋಷವೇನೋ ಎಂದು ಅದನ್ನು ಎತ್ತಿಕೊಂಡು ಎದುರುಮನೆಗೆ ಹೋದಳು. ಅಲ್ಲೂ ಅದೇ. ಚಾರ್ಜರ್ ಕಿತ್ತಳು. ಸದ್ದು ನಿಂತಿತು. ಹಾಗಾದರೆ ಚಾರ್ಜರಿನದೇ ತಪ್ಪು ಎಂದು ಅಂಥದ್ದೇ ಇನ್ನೊಂದನ್ನು ಎರವಲು ತಂದು ಸಿಕ್ಕಿಸಿದಳು. ಸದ್ದು ಮತ್ತೆ ಬಂತು. ಆಮೇಲೆ ಕಿವಿಯನ್ನು ಲ್ಯಾಪ್‌ಟಾಪಿನ ಅಡಿಗೆ ಒತ್ತಿ ಹುಡುಕಿದಳು. ಎಡಗಡೆ, ಚಾರ್ಜರಿನ ಪಿನ್ನು ಒಳಗೆ ಹೋಗುವ ಕಡೆ, ಹೆಬ್ಬೆಟ್ಟಿನಷ್ಟು ಜಾಗ. ಅಲ್ಲಿತ್ತು ಕಳ್ಳ.

ಅಲ್ಲಿಗೆ ಬಳಪದಲ್ಲಿ ಒಂದು ಸುತ್ತು ಬರೆದು ಅಂಗಡಿಗೆ ತಂದಳು.

ಅಂಗಡಿಯವನಿಗೆ ಐವತ್ತೈದು ದಾಟಿತ್ತು. ಕಿವಿ ಇಟ್ಟ. ಇನ್ನೊಂದು ಕಿವಿ ಇಟ್ಟ. "ಏನೂ ಇಲ್ಲವಲ್ಲ ತಾಯಿ" ಎಂದ. ತನ್ನ ರಿಪೇರಿಯವನನ್ನು ಕರೆದ. ರಿಪೇರಿಯವನಿಗೆ ಮೂವತ್ತು. ಅವನು ಬಗ್ಗಿ ಕೇಳಿದ, ಯಜಮಾನನ ಮುಖ ನೋಡಿದ, "ಹೊಸತರಲ್ಲಿ ಹಾಗೇ ಅಕ್ಕ, ಅಭ್ಯಾಸವಾಗುತ್ತದೆ" ಎಂದ.

"ಅಭ್ಯಾಸವಾದರೆ ನನ್ನ ಕಿವಿ ಕೆಟ್ಟಿತು ಎಂದು ಅರ್ಥ. ಕಿವಿ ಕೆಟ್ಟರೆ ನನ್ನ ಕೆಲಸ ಹೋಯಿತು. ನಿಮ್ಮ ಪೆಟ್ಟಿಗೆಗೆ ನಾನು ಅಭ್ಯಾಸವಾಗುವುದಿಲ್ಲ. ಬದಲಾಯಿಸಿ ಕೊಡಿ" ಎಂದಳು ಅವಳು.

ಅಂಗಡಿಯವನು ಬದಲಾಯಿಸಲಿಲ್ಲ. ಬದಲಿಗೆ ಬಂದವರೊಡನೆಲ್ಲ ನಗುತ್ತ ಹೇಳತೊಡಗಿದ: "ಪಾಪ, ಹಾರ್ಮೋನಿಯಂನವಳಿಗೆ ಕಿವಿ ಮೊರೆಯುವ ಕಾಯಿಲೆಯಂತೆ. ಇಲ್ಲದ ಸದ್ದು ಕೇಳಿಸುತ್ತದಂತೆ." ಪೇಟೆಯ ಬಾಯಿ ನಿನಗೆ ಗೊತ್ತಲ್ಲ ಮಗಳೇ, ಒಂದು ಎಳೆ ಕೊಟ್ಟರೆ ಪಂಚೆ ನೇಯುತ್ತದೆ. ಎಂಟು ದಿನದಲ್ಲಿ ಭಜನಾ ಮಂಡಳಿಯವರು ಬಂದು, ರಿಪೇರಿಗೆ ಕೊಟ್ಟಿದ್ದ ಪೆಟ್ಟಿಗೆಯನ್ನು ಹಾಗೆಯೇ ಹೊತ್ತುಕೊಂಡು ಹೋದರು. ಹಿಂದಿನಿಂದ ನಾಟಕದವರೂ ಬಂದು ಹೋದರು. ಅವಳ ಮನೆಯ ಜಗಲಿ ಬರಿದಾಯಿತು.

ಆಗ ಅವಳು ಪೇಟೆ ಸಂಘಕ್ಕೆ ದೂರು ಕೊಟ್ಟಳು.

ಆ ಪೇಟೆಯಲ್ಲಿ ಒಂದು ಕಟ್ಟಳೆ. ಕೊಡುವವನಿಗೂ ಕೊಳ್ಳುವವನಿಗೂ ಜಗಳವಾದರೆ ಸಂಘದ ಕೋಣೆಯಲ್ಲಿ ಐದು ಜನ ಕೂತು ತೀರ್ಪು ಹೇಳಬೇಕು. ಆ ಐದು ಕುರ್ಚಿಯಲ್ಲಿ ಅರವತ್ತು ದಾಟಿದವರೇ ಕೂರಬೇಕು. ತಲೆ ಬೆಳ್ಳಗಾದಷ್ಟೂ ತೀರ್ಪು ಬೆಳ್ಳಗೆ ಎಂದು ಅವರ ನಂಬಿಕೆ. ನಾಲ್ವರು ಗಂಡಸರು, ಒಬ್ಬಳು ಮುದುಕಿ. ಆ ಮುದುಕಿಗಂತೂ ತನ್ನ ಕಿವಿಯ ಮೇಲೆ ಎಲ್ಲರಿಗಿಂತ ಹೆಚ್ಚು ಜಂಬ.

ಅಂಗಡಿಯವನೂ ಅವನ ರಿಪೇರಿಯವನೂ ಬಂದು ನಿಂತರು. ಲ್ಯಾಪ್‌ಟಾಪ್ ನಡುವೆ ಇಟ್ಟರು. ಚಾರ್ಜರ್ ಸಿಕ್ಕಿಸಿದರು. ಐವರೂ ಒಬ್ಬರಾದ ಮೇಲೆ ಒಬ್ಬರು, ಮಗುವಿಗೆ ಮುತ್ತಿಡುವವರ ಹಾಗೆ ಬಗ್ಗಿ ಕಿವಿ ಇಟ್ಟರು. ಫ್ಯಾನ್ ನಿಲ್ಲಿಸಿ ಎಂದಳು ಅವಳು. ನಿಲ್ಲಿಸಿ ಮತ್ತೆ ಇಟ್ಟರು. ಬೆವರು ಬಂತು, ಸದ್ದು ಬರಲಿಲ್ಲ. ಎಲ್ಲರಿಗಿಂತ ಮೊದಲು "ಇಲ್ಲ" ಎಂದವಳು ಆ ಮುದುಕಿಯೇ.

ಹಿರಿಯ ಯಜಮಾನರು ಹೇಳಿದರು: "ನೋಡಮ್ಮಾ, ಐದು ಜನದ ಹತ್ತು ಕಿವಿಗೆ ಕೇಳಿಸಲಿಲ್ಲ. ನಿನ್ನ ಎರಡು ಕಿವಿಗೆ ಕೇಳಿಸಿತು. ‘ನನ್ನ ಕಿವಿಯದೇ ತಪ್ಪು’ ಎಂದು ಒಂದು ಮಾತು ಹೇಳಿಬಿಡು. ಎಲ್ಲರೂ ಕಾಫಿ ಕುಡಿದು ಮನೆಗೆ ಹೋಗೋಣ."

ಅವಳು ಎದ್ದು ನಿಂತಳು.

"ಹೇಳುವುದಿಲ್ಲ ಯಜಮಾನರೇ. ಕಾಫಿ ಆರಿದರೆ ಮತ್ತೆ ಕಾಯಿಸಬಹುದು. ಆ ಒಂದು ಮಾತು ನನ್ನ ಬಾಯಿಂದ ಬಿದ್ದರೆ ನಾನು ಈ ಜನ್ಮದಲ್ಲಿ ಮತ್ತೆ ಅರ ಹಿಡಿಯುವ ಹಾಗಿಲ್ಲ."

"ಹಿರಿಯರ ಮಾತಿಗೆ ಎದುರು ಮಾತೇ?" ಎಂದರು ಇನ್ನೊಬ್ಬರು.

"ಎದುರು ಮಾತಲ್ಲ, ಒಂದು ಪ್ರಶ್ನೆ. ಈ ಅಣ್ಣ ಅಭ್ಯಾಸವಾಗುತ್ತದೆ ಎಂದರು. ಸದ್ದೇ ಇಲ್ಲದಿದ್ದರೆ ನನಗೆ ಯಾವುದು ಅಭ್ಯಾಸವಾಗಬೇಕಿತ್ತು?"

ರಿಪೇರಿಯವನು ಕಾಲ ಬೆರಳು ನೋಡಿಕೊಂಡ. ಅಂಗಡಿಯವನು, "ಮಾತು ಚೆನ್ನಾಗಿ ಬರುತ್ತದೆ ತಾಯಿಗೆ. ಹಾರ್ಮೋನಿಯಂ ಬಿಟ್ಟು ವಕೀಲಿಕೆ ಮಾಡಬಹುದು" ಎಂದ. ಎಲ್ಲರೂ ನಕ್ಕರು. ಮುದುಕಿಯೂ ನಕ್ಕಳು.

ನಗು ಮುಗಿಯುವವರೆಗೆ ಅವಳು ಕಾದಳು. ಆಮೇಲೆ ಹೇಳಿದಳು: "ನಿಮಗೆ ಕೇಳಿಸಬೇಕೆಂದು ನಾನು ಹಟ ಹಿಡಿಯುವುದಿಲ್ಲ. ನನಗೆ ಕೇಳಿಸುತ್ತದೋ ಇಲ್ಲವೋ, ಅಷ್ಟು ನೋಡಿ. ನಾನು ಗೋಡೆಯ ಕಡೆ ತಿರುಗಿ ಕೂರುತ್ತೇನೆ. ಕಣ್ಣಿಗೆ ಸೆರಗು ಕಟ್ಟಿಕೊಳ್ಳುತ್ತೇನೆ. ಪಿನ್ನನ್ನು ನಿಮ್ಮಲ್ಲಿ ಒಬ್ಬರು ಹಿಡಿಯಿರಿ. ಬೇಕಾದಾಗ ಹಾಕಿ, ಬೇಕಾದಾಗ ತೆಗೆಯಿರಿ. ಹತ್ತು ಸಲ. ಒಂದು ಸಲ ತಪ್ಪಿದರೂ ನನ್ನ ಅರವನ್ನು ಈ ಮೇಜಿನ ಮೇಲಿಟ್ಟು ಹೋಗುತ್ತೇನೆ."

ಪಿನ್ನು ಮುದುಕಿಯ ಕೈಗೆ ಬಂತು. ಮುದುಕಿ ಜಾಣೆ. ಬಳೆಗಳ ಸದ್ದು ಸುಳಿವು ಕೊಡಬಾರದೆಂದು ಅವನ್ನು ಮೊಣಕೈವರೆಗೆ ಸರಿಸಿಕೊಂಡಳು. ಮೆಲ್ಲಗೆ ಹಾಕಿದಳು.

"ಬಂತು" ಎಂದಳು ಗೋಡೆಯ ಕಡೆ ಕೂತವಳು.

ತೆಗೆದಳು. "ಹೋಯಿತು."

ಹಾಕಿದಳು. "ಬಂತು." ಹಾಗೆಯೇ ಬಿಟ್ಟು ಇಪ್ಪತ್ತು ಎಣಿಸಿದಳು. "ಇದೆ, ಇನ್ನೂ ಇದೆ" ಎಂದಳು ಅವಳು. ಹೀಗೆ ಎಂಟು ಸಲ. ಎಂಟೂ ಸರಿ. ಒಂಬತ್ತನೆಯ ಸಲ ಮುದುಕಿ ಒಂದು ಕಪಟ ಮಾಡಿದಳು. ಪಿನ್ನನ್ನು ತೂತಿನ ಅಂಚಿಗೆ ಟಕ್ ಎಂದು ತಾಗಿಸಿದಳು, ಒಳಗೆ ಹಾಕಲಿಲ್ಲ.

"ಅಜ್ಜೀ," ಎಂದಳು ಅವಳು, ತಿರುಗದೆ, "ಬಾಗಿಲು ತಟ್ಟಿದಿರಿ, ಒಳಗೆ ಹೋಗಲಿಲ್ಲ."

ಹತ್ತನೆಯದನ್ನು ಮಾಡುವುದಕ್ಕೆ ಮುದುಕಿಗೆ ಕೈ ಬರಲಿಲ್ಲ. ಪಿನ್ನನ್ನು ಹಿಡಿದುಕೊಂಡೇ ಕೂತಳು. ಅವಳ ಕಿವಿಗೆ ಆಗಲೂ ಏನೂ ಕೇಳಿಸಿರಲಿಲ್ಲ. ಆದರೆ ಕಿವಿ ಇಲ್ಲ ಎಂದದ್ದು ಇದೆ ಎಂಬುದನ್ನು ಕೈ ಒಂಬತ್ತು ಸಲ ಪರೀಕ್ಷಿಸಿ ನೋಡಿಬಿಟ್ಟಿತ್ತು.

ಯಜಮಾನರು ರಿಪೇರಿಯವನನ್ನು ಕರೆದರು. "ಏನಪ್ಪಾ, ನಿಜ ಹೇಳು. ನಿನಗೆ ಕೇಳಿಸುತ್ತದೋ?"

"ಮೊದಲ ದಿನವೇ ಕೇಳಿಸಿತ್ತು ಯಜಮಾನರೇ" ಎಂದ ಅವನು. "ನಮ್ಮಲ್ಲಿ ಕೇಳಿಸಿದ್ದನ್ನು ಕೇಳಿಸಿತು ಎನ್ನುವ ಅಭ್ಯಾಸ ಇಲ್ಲ."

ಅಂಗಡಿಯವನ ಕಡೆಗೆ ಯಾರೂ ನೋಡಲಿಲ್ಲ. ಅದೇ ಅವನಿಗೆ ತೀರ್ಪು.

ಇಷ್ಟೇ ಕತೆ. ಇನ್ನು ಯಾರು ಏನಾದರು ಎಂದು ಹೇಳಿ ಮುಗಿಸುತ್ತೇನೆ.

ಅಂಗಡಿಯವನು ಲ್ಯಾಪ್‌ಟಾಪನ್ನು ವಾಪಸು ತೆಗೆದುಕೊಂಡು ಬೇರೆಯದನ್ನು ಕೊಟ್ಟ. ಆದರೆ ಅದು ಕರೆಂಟಿನ ದೋಷ ಎಂದು ಇವತ್ತಿಗೂ ಹೇಳುತ್ತಾನೆ. ಹೇಳಿಕೊಳ್ಳಲಿ. ರಿಪೇರಿಯವನು ಆ ಕೆಲಸ ಬಿಟ್ಟು ಬಸ್ ನಿಲ್ದಾಣದ ಹತ್ತಿರ ಸ್ವಂತ ಅಂಗಡಿ ಹಾಕಿದ. ಯಾರಾದರೂ ಸದ್ದು ಬರುತ್ತದೆ ಎಂದರೆ ಅವನು ಮೊದಲು ಎದ್ದು ಫ್ಯಾನ್ ನಿಲ್ಲಿಸುತ್ತಾನೆ.

ಹಾರ್ಮೋನಿಯಂನವಳ ಜಗಲಿ ತುಂಬಿತು. ಭಜನಾ ಮಂಡಳಿಯವರು ತೆಂಗಿನಕಾಯಿ ಹಿಡಿದುಕೊಂಡು ಬಂದರು. ಅವಳು ಕಾಯಿ ತೆಗೆದುಕೊಂಡಳು, ಪೆಟ್ಟಿಗೆಯನ್ನು ಮಾತ್ರ ಸಾಲಿನ ಕೊನೆಗೆ ಇಟ್ಟಳು. "ನಾವು ಹಳಬರಲ್ಲವೇ?" ಎಂದದ್ದಕ್ಕೆ, "ಹೌದು, ಮೊದಲು ಬಿಟ್ಟು ಹೋದವರೂ ನೀವೇ" ಎಂದಳು.

ನಾಲ್ವರು ಗಂಡಸರಲ್ಲಿ ಮೂವರು ಅದೇ ಕುರ್ಚಿಗಳಲ್ಲಿದ್ದಾರೆ. ಹಿರಿಯ ಯಜಮಾನರು ಹೋದ ವರ್ಷ ತೀರಿಕೊಂಡರು. ಅವತ್ತು ಸದ್ದು ಇರಲಿಲ್ಲ, ಆ ಹೆಣ್ಣಿಗೆ ದೇವರ ದಯೆ ಇತ್ತು ಎಂದೇ ಕೊನೆಯವರೆಗೂ ಹೇಳಿದರು.

ಮುದುಕಿ ಮಾರನೆಯ ದಿನವೇ ಕುರ್ಚಿ ಬಿಟ್ಟಳು. "ಇದರಲ್ಲಿ ಮೂವತ್ತು ದಾಟದವರನ್ನು ಒಬ್ಬರನ್ನು ಕೂರಿಸಿ" ಎಂದಳು. ಅವರು ಕೂರಿಸಲಿಲ್ಲ. ಕುರ್ಚಿ ಖಾಲಿ ಇದೆ. ಅವಳು ತಿಂಗಳಿಗೊಮ್ಮೆ ಹೋಗಿ, ಖಾಲಿ ಯಾಕೆ ಇದೆ ಎಂದು ಕೇಳಿ ಜಗಳವಾಡಿ ಬರುತ್ತಾಳೆ. ಉಳಿದ ದಿನ ಮನೆಯಲ್ಲಿ ಕೂತು, ಗೋಡೆಗೆ ಒರಗಿದ ಒಬ್ಬ ಹುಡುಗಿಗೆ ಸೋಬಾನೆ ಪದ ಕಲಿಸುತ್ತಾಳೆ.

ಈಗ ಹೇಳು ಪುಟ್ಟಗೌರಿ, ನನ್ನ ಹಾಡು ಎಲ್ಲಿ ತಪ್ಪುತ್ತಿದೆ?