ನರಿ ಮೇಷ್ಟ್ರ ನೀರಿನ ಪ್ರಯೋಗ

ಬೇಸಿಗೆ ಬಂದರೆ ಹೊಳೆ ಬತ್ತಿಹೋಗುವ ಒಂದು ಕಾಡಿನಲ್ಲಿ ಒಂದು ನರಿ ಇತ್ತು. ಕಾಡಂಚಿನ ಶಾಲೆಯ ಜಗಲಿಯ ಕೆಳಗೆ ಅದು ಒಂದು ಮಳೆಗಾಲ ಮಲಗಿತ್ತು. ಅಷ್ಟಕ್ಕೇ ತನ್ನಷ್ಟು ಓದಿದವರು ಕಾಡಿನಲ್ಲಿ ಬೇರೆ ಯಾರೂ ಇಲ್ಲ ಎಂದು ತೀರ್ಮಾನಿಸಿಬಿಟ್ಟಿತ್ತು.

ಹೊಳೆ ಬತ್ತಿದಾಗ ಆನೆಯಜ್ಜಿ ಮರಳಿನಲ್ಲಿ ಕಾಲಿನಿಂದ ಒಂದು ಗುಂಡಿ ತೋಡುತ್ತಿದ್ದಳು. ಅದಕ್ಕೆ ಒರತೆ ಎನ್ನುತ್ತಾರೆ. ಮರಳಿನ ಅಡಿಯ ನೀರು ಅದರಲ್ಲಿ ಮೆಲ್ಲಗೆ ಒಸರುತ್ತದೆ. ಒಬ್ಬರು ಕುಡಿದು ಪಕ್ಕಕ್ಕೆ ಸರಿಯಬೇಕು. ಮತ್ತೆ ನೀರು ತುಂಬುವವರೆಗೆ ಮುಂದಿನವರು ಕಾಯಬೇಕು. ಇಡೀ ಹೊಳೆಗೆ ಒಂದೇ ಒರತೆ. ಎರಡನೆಯದನ್ನು ಯಾರೂ ತೋಡುವಂತಿಲ್ಲ. ಅಡಿಯಲ್ಲಿರುವ ನೀರು ಒಂದೇ, ಮಳೆ ಬರುವವರೆಗೆ ಅದೇ ಗತಿ ಎಂಬುದು ಎಲ್ಲರಿಗೂ ಗೊತ್ತಿತ್ತು.

ನರಿಗೂ ಗೊತ್ತಿತ್ತು. ಆದರೆ ವಿದ್ಯಾವಂತನಾದ ತಾನು ಕಾಡುಹಂದಿಯ ಬೆನ್ನ ಹಿಂದೆ ಬಾಯಾರಿ ನಿಲ್ಲುವುದೆಂದರೆ ಅದಕ್ಕೆ ಮೈಯೆಲ್ಲ ಉರಿ. ಹೊಟ್ಟೆ ತುಂಬ ಕುಡಿಯಬೇಕು, ತಂಪಾಗಿ ಮಲಗಬೇಕು, ಸಾಲಿನಲ್ಲಿ ಮಾತ್ರ ನಿಲ್ಲಬಾರದು. ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡಿತು. ತಾಯಂದಿರನ್ನೆಲ್ಲ ಕರೆದು, ಮರಿಗಳಿಗೆ ನೀರು ಉಳಿಸುವ ಪಾಠ ಹೇಳಿಕೊಡುತ್ತೇನೆ ಎಂದಿತು. ತಾಯಂದಿರು ಹಿಗ್ಗಿದರು. ಅಂದಿನಿಂದ ನರಿ ಬರಿಯ ನರಿಯಲ್ಲ, ನರಿ ಮೇಷ್ಟ್ರು.

ಒರತೆಯ ಪಕ್ಕದಲ್ಲೇ ಶಾಲೆ ಶುರುವಾಯಿತು. ಮರಿಗಳು ಬಾಲ ಅಲ್ಲಾಡಿಸದೆ ಸಾಲಾಗಿ ನಿಲ್ಲಬೇಕು. ‘ಹನಿ ಹನಿಯೂ ಹೊನ್ನು’ ಎಂಬ ಹಾಡನ್ನು ಸ್ಪಷ್ಟವಾಗಿ ಹಾಡಬೇಕು. ಆಮೇಲೆ ನಾಲಿಗೆ ಒದ್ದೆಯಾಗುವಷ್ಟೇ ಕುಡಿಯಬೇಕು. ಎಲ್ಲರಿಗಿಂತ ಕಡಿಮೆ ಕುಡಿದ ಮರಿಯ ಕಿವಿಗೆ ಒಂದು ನವಿಲುಗರಿ. ಗರಿಯ ಆಸೆಗೆ ಮರಿಗಳು ಬಾಯಾರಿಕೊಂಡೇ ಮನೆಗೆ ಹೋದವು. ಉಳಿದ ನೀರನ್ನು ಮೇಷ್ಟ್ರು ಕುಡಿದರು.

ಅದೂ ಸಾಲಲಿಲ್ಲ. ಲಕ್ಕಿಗಿಡಗಳ ಮರೆಯಲ್ಲಿ ತಮಗೇ ಒಂದು ಗುಂಡಿ ತೋಡಿಕೊಂಡು, ಮಧ್ಯಾಹ್ನವೆಲ್ಲ ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿ ಮಲಗತೊಡಗಿದರು. ಒಂದು ದಿನ ಡುಮ್ಮಿ ಎಂಬ ಹಂದಿಮರಿ ಗೆಡ್ಡೆ ಹುಡುಕುತ್ತ ಅಲ್ಲಿಗೆ ಬಂತು.

“ಮೇಷ್ಟ್ರೇ, ನೀವು ನೀರಿನಲ್ಲಿ ಮಲಗಿದ್ದೀರಿ,” ಎಂದಿತು.

“ಮಲಗಿಲ್ಲ ಮರಿ, ಇದು ಪ್ರಯೋಗ,” ಎಂದರು ಮೇಷ್ಟ್ರು, ಕಣ್ಣು ತೆರೆಯದೆ. “ನೀರು ಪೋಲು ಮಾಡಿದರೆ ಏನಾಗುತ್ತದೆ ಅಂತ ನಿಮಗೋಸ್ಕರ ನಾನೇ ಅನುಭವಿಸಿ ನೋಡುತ್ತಿದ್ದೇನೆ.”

“ಏನಾಗುತ್ತದೆ?”

“ತಂಪಾಗುತ್ತದೆ,” ಎಂದು ಮೇಷ್ಟ್ರ ಬಾಯಿ ಜಾರಿತು.

ಡುಮ್ಮಿ ಶ್ರದ್ಧೆಯಿಂದ ಕಲಿಯುವ ಮರಿ. ಕಲಿತದ್ದನ್ನು ತನ್ನಲ್ಲೇ ಮುಚ್ಚಿಟ್ಟುಕೊಳ್ಳುವ ಬುದ್ಧಿ ಅದಕ್ಕಿರಲಿಲ್ಲ. ಮರುದಿನ ಬೆಳಿಗ್ಗೆ ಇಡೀ ತರಗತಿ ಪ್ರಯೋಗಕ್ಕೆ ಇಳಿದಿತ್ತು. ಹಂದಿಮರಿಗಳು ಮೂತಿಯಿಂದ ತೋಡಿದವು, ಮುಳ್ಳುಹಂದಿಯ ಮರಿಗಳು ಉಗುರಿನಿಂದ, ಕಡವೆಮರಿ ಗೊರಸಿನಿಂದ. ಹೊಳೆಯ ತುಂಬ ಗುಂಡಿಗಳು; ಗುಂಡಿಗೊಂದು ಮರಿ. ಸಂಜೆಯ ಹೊತ್ತಿಗೆ ಮರಿಗಳು ಕಲಕಿ ಚೆಲ್ಲಿದ್ದು ಹೋಗಿ ಉಳಿದದ್ದನ್ನು ಬಿಸಿಲು ಹೀರಿಬಿಟ್ಟಿತು. ಒರತೆಯಲ್ಲಿ ಕೆಸರು. ಲಕ್ಕಿಗಿಡಗಳ ಹಿಂದೆಯೂ ಕೆಸರು.

ತಾಯಂದಿರು ಓಡಿ ಬಂದರು. ಇದನ್ನು ಯಾರು ಕಲಿಸಿದ್ದೆಂದು ಕೇಳಿದಾಗ ಮರಿಗಳು ಹೆಮ್ಮೆಯಿಂದ ಮೇಷ್ಟ್ರ ಕಡೆ ಮೂತಿ ತೋರಿಸಿದವು. ಮೇಷ್ಟ್ರು ಒಪ್ಪಲಿಲ್ಲ. ತಾವು ಕಲಿಸಿದ್ದು ಹಾಡು ಮಾತ್ರ, ಬೇಕಾದರೆ ಹಾಡಿಸಿ ನೋಡಿ ಎಂದರು. ಮರಿಗಳು ಕೆಸರಿನಲ್ಲಿ ನಿಂತೇ ಒಂದಕ್ಷರ ತಪ್ಪದೆ ಹಾಡಿದವು.

ಆನೆಯಜ್ಜಿ ಹಾಡು ಮುಗಿಯುವವರೆಗೆ ಕಾದಳು.

“ಹಾಡು ಚೆನ್ನಾಗಿದೆ. ಆದರೆ ಮಕ್ಕಳು ಕಲಿತದ್ದು ನಿನ್ನ ಬಾಯಿಂದಲ್ಲ ಕಣಪ್ಪ, ನಿನ್ನ ಗುಂಡಿಯಿಂದ,” ಎಂದಳು.

ಗುಂಡಿಗಳನ್ನು ಮುಚ್ಚಿದರೆ ಅಡಿಯಲ್ಲಿ ಉಳಿದ ನೀರಾದರೂ ಒರತೆಗೆ ಬಂದು ಸೇರುತ್ತದೆ, ಮೊದಲು ತೋಡಿದವನೇ ಎಲ್ಲವನ್ನೂ ಮುಚ್ಚಲಿ, ಅಲ್ಲಿಯವರೆಗೆ ಅವನಿಗೆ ಗುಟುಕು ನೀರೂ ಇಲ್ಲ ಎಂದು ಅಪ್ಪಣೆ ಮಾಡಿದಳು. ಅವಳ ಸೊಂಡಿಲನ್ನು ಒಮ್ಮೆ ನೋಡಿ ನರಿ ಕೆಲಸಕ್ಕಿಳಿಯಿತು.

ನಾಲಿಗೆ ಹೊರಚಾಚಿ, ಏದುಸಿರು ಬಿಡುತ್ತ, ಒಂದೊಂದೇ ಗುಂಡಿಗೆ ಮರಳು ಎಳೆದು ಮುಚ್ಚಿತು. ಮರಿಗಳು ದಡದ ಮೇಲೆ ಕುಳಿತು ನೋಡಿದವು. ಆ ಬೇಸಿಗೆಯಲ್ಲಿ ನರಿ ಮಾಡಿದ ಸರಿಯಾದ ಪಾಠ ಅದೊಂದೇ.

ನೀತಿ: ಇರುವುದನ್ನು ಹಿತಮಿತವಾಗಿ ಬಳಸುವುದನ್ನು ಮಕ್ಕಳು ಹಿರಿಯರ ಮಾತಿನಿಂದ ಕಲಿಯುವುದಿಲ್ಲ, ನಡತೆಯಿಂದ ಕಲಿಯುತ್ತಾರೆ.